ಬೇಟೆಯ ಪಟದ ಹಿಂದಿನ ಸಾಲು

ನಮ್ಮ ಜಿಲ್ಲೆಯ ಹಳೆಯ ಮನೆಗಳ ಚಾವಡಿಯನ್ನು ಹೊಕ್ಕವರಿಗೆ ಅಲ್ಲಿನ ಗೋಡೆಯ ಮೇಲಣ ಪಟಗಳ ಕ್ರಮ ಪರಿಚಿತವಾದುದೇ. ಮೊದಲು ದೇವರ ಪಟಗಳು. ಅವುಗಳ ಪಕ್ಕದಲ್ಲಿ ಕಾಲವಾದ ಹಿರಿಯರ ಭಾವಚಿತ್ರಗಳು. ಬಳಿಕ ಯಾವುದೋ ಮದುವೆಯ ಗುಂಪು. ಇವೆಲ್ಲವುಗಳಿಂದ ತುಸು ದೂರದಲ್ಲಿ, ಅಂಚು ಹಳದಿಗಟ್ಟಿದ ಬೇಟೆಯ ಪಟವೊಂದು ತೂಗುತ್ತಿರುತ್ತದೆ. ನೆಲದ ಮೇಲೆ ಮಲಗಿಸಿದ ಹುಲಿಯೋ ಹಂದಿಯೋ. ಅದರ ಹಿಂದೆ ಕೋವಿಯನ್ನು ಮೊಣಕಾಲಿಗೆ ಆನಿಸಿ ಕುರ್ಚಿಯಲ್ಲಿ ಕುಳಿತ ಯಜಮಾನರು. ಅವರ ಬೆನ್ನಿಗೆ ನಿಂತ ಜನರ ಸಾಲು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ನಡುವಣ ಊರುಗಳಲ್ಲಿ ನಾನು ಇಂತಹ ಪಟಗಳನ್ನು ಎಷ್ಟೋ ನೋಡಿದ್ದೇನೆ. ನೋಡಿದಾಗಲೆಲ್ಲ ಕಣ್ಣು ಮೊದಲು ಮೃಗದ ಮೇಲೆ, ಅನಂತರ ಕೋವಿಯ ಮೇಲೆ ನಿಲ್ಲುತ್ತಿತ್ತು. ಹಿಂದಿನ ಸಾಲನ್ನು ನೋಡುವ ಅಭ್ಯಾಸ ನನಗೂ ಇರಲಿಲ್ಲ.

ಕಳೆದ ವರ್ಷ ಮೂಡುಬಿದಿರೆಯಲ್ಲಿ ನನ್ನ ತರಗತಿಗೆ ಆತಕೂರಿನ ಶಾಸನವನ್ನು ಪಾಠ ಹೇಳುತ್ತಿದ್ದೆ. ಕ್ರಿ.ಶ. 949ರ ಆ ಶಾಸನದ ಕಥೆ ಓದುಗರಲ್ಲಿ ಹಲವರಿಗೆ ತಿಳಿದಿರಬಹುದು. ತಕ್ಕೋಲದ ಕಾಳಗದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ಬೂತುಗನು ಬೇಕಾದುದನ್ನು ಕೇಳೆಂದಾಗ, ಅವನು ಕೇಳಿದ್ದು ಕಾಳಿಯೆಂಬ ಬೇಟೆನಾಯಿಯನ್ನು. ಆ ನಾಯಿ ಮುಂದೆ ಒಂದು ಹಿರಿಯ ಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲಿಗೆ ಪೂಜೆ ಸಲ್ಲಬೇಕೆಂದು ವಿಧಿಸಿದರು. ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲಿನಲ್ಲಿ ನಾಯಿಯೂ ಹಂದಿಯೂ ಸೆಣಸುವ ಚಿತ್ರವಿದೆ. "ಇದು ಕನ್ನಡನಾಡಿನ ಬಹು ಹಳೆಯ ಬೇಟೆಯ ಪಟ" ಎಂದು ನಾನು ವಿನೋದಕ್ಕೆ ಹೇಳಿದೆ.

ತರಗತಿ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಬಂದಳು. "ಸರ್, ನಮ್ಮ ಮನೆಯಲ್ಲಿಯೂ ಒಂದು ಬೇಟೆಯ ಪಟ ಇದೆ. ಹಳೆಯ ಮನೆ ತೆಗೆಯುತ್ತಿದ್ದೇವೆ. ಹೊಸ ಮನೆಯಲ್ಲಿ ಅದನ್ನು ಹಾಕುವುದು ಬೇಡ ಎನ್ನುತ್ತಾರೆ ಅಪ್ಪ. ನಿಮಗೆ ಬೇಕಿದ್ದರೆ ಬಂದು ನೋಡಿ" ಎಂದಳು. ಬೆಳ್ತಂಗಡಿ ಕಡೆಯ ಊರಿನ ಹೆಸರನ್ನೂ ಮನೆಯ ಹೆಸರನ್ನೂ ಹೇಳಿದಳು. ಕೇಳಿ ನಾನು ಕ್ಷಣಕಾಲ ಮಾತನಾಡಲಿಲ್ಲ. ನನ್ನ ತಂದೆ ಹುಟ್ಟಿದ್ದು ಅದೇ ಊರಿನಲ್ಲಿ. ನನ್ನ ಅಜ್ಜ ಗೇಣಿಯ ಅಕ್ಕಿಯನ್ನು ಹೊತ್ತು ಹಾಕುತ್ತಿದ್ದುದು ಅದೇ ಮನೆಯ ಅಂಗಳಕ್ಕೆ. ಹುಡುಗಿಗೆ ಅದು ತಿಳಿದಿರಲಿಲ್ಲ.

ಮುಂದಿನ ಭಾನುವಾರ ವೇಣೂರಿನ ದಾರಿಯಾಗಿ ಹೋದೆ. ಮಾಡಿನ ಹಂಚು ಆಗಲೇ ಇಳಿದಿತ್ತು. ಪಟವನ್ನು ಒರೆಸಿ ಕಿಟಕಿಯ ಬಳಿ ಇಟ್ಟಿದ್ದರು. ದೊಡ್ಡ ಹುಲಿ; ಬಾಯಿ ತೆರೆದಿರಲೆಂದು ಹಲ್ಲುಗಳ ನಡುವೆ ಕೋಲೊಂದನ್ನು ಸಿಕ್ಕಿಸಿದ್ದು ಕಾಣುತ್ತಿತ್ತು. ನಡುವೆ ಮನೆಯ ಯಜಮಾನರು, ಇಬ್ಬದಿಯಲ್ಲಿ ಅತಿಥಿಗಳು. ಹಿಂದೆ ಏಳು ಮಂದಿ ನಿಂತಿದ್ದರು. ತಲೆಗೆ ಮುಂಡಾಸು, ಬರಿಯ ಮೈ. ಎಡತುದಿಯವನ ಅರ್ಧ ಭುಜ ಚೌಕಟ್ಟಿನ ಆಚೆಗೆ ಉಳಿದಿತ್ತು. ಪಟವನ್ನು ತಿರುಗಿಸಿದೆ. ಬೆನ್ನ ಮೇಲೆ ಅಂದವಾದ ಅಕ್ಷರಗಳಲ್ಲಿ 1950 ಎಂಬ ಇಸವಿ, ಕುಳಿತವರ ಹೆಸರುಗಳು, ಕೊನೆಗೆ ನಾಯಿಯ ಹೆಸರು: ಬೊಳ್ಳು. ನಿಂತವರ ಹೆಸರು ಒಂದೂ ಇರಲಿಲ್ಲ.

ಆತಕೂರಿನ ಕಲ್ಲು ನೆನಪಾಯಿತು. ಅಲ್ಲಿಯೂ ಅರಸನ ಹೆಸರಿದೆ, ವೀರನ ಹೆಸರಿದೆ, ನಾಯಿಯ ಹೆಸರಿದೆ. ಮಣಲೇರನೊಡನೆ ಆ ದಿನ ಬೆಟ್ಟ ಹತ್ತಿದ ಆಳುಗಳಿದ್ದರೆ ಅವರ ಹೆಸರಿಲ್ಲ. ಸಾವಿರ ವರ್ಷಗಳಲ್ಲಿ ಕಲ್ಲು ಕಾಗದವಾಯಿತು. ಬರೆಯುವ ಕ್ರಮ ಮಾತ್ರ ಬದಲಾಗಲಿಲ್ಲ.

ಪಟದ ಪ್ರತಿಯೊಂದನ್ನು ತೆಗೆಸಿಕೊಂಡು ಬಂಟ್ವಾಳದಲ್ಲಿರುವ ನನ್ನ ದೊಡ್ಡತ್ತೆಯ ಬಳಿಗೆ ಹೋದೆ. ತಂದೆಯ ಅಕ್ಕ, ಎಂಬತ್ತೈದು ದಾಟಿದವರು. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಹುಲಿಯನ್ನಾಗಲಿ ಯಜಮಾನರನ್ನಾಗಲಿ ಅವರು ಗಮನಿಸಲಿಲ್ಲ. ಎಡತುದಿಯ ಅರ್ಧ ಭುಜದವನ ಮೇಲೆ ಬೆರಳಿಟ್ಟು, "ಇದು ಅಪ್ಪ, ಮಗಾ" ಎಂದರು. ಅಜ್ಜನ ಒಂದು ಚಿತ್ರವೂ ನಮ್ಮ ಮನೆಯಲ್ಲಿ ಇರಲಿಲ್ಲ. ನಾನು ಅವರ ಮುಖವನ್ನು ಕಂಡದ್ದು ಅದೇ ಮೊದಲು.

ಅನಂತರ ಅತ್ತೆ ಹೇಳುತ್ತ ಹೋದರು. ಹುಲಿ ಬಿದ್ದದ್ದು ಸಂಜೆ. ಪಟ ತೆಗೆಯುವವರನ್ನು ಮಂಗಳೂರಿನಿಂದ ಕರೆತರುವಷ್ಟರಲ್ಲಿ ಮರುದಿನ ಮಧ್ಯಾಹ್ನವಾಗಿತ್ತು. ಅಷ್ಟರಲ್ಲಿ ನಾತ ಹೊಡೆಯತೊಡಗಿತ್ತು. ಮಕ್ಕಳನ್ನು ಹತ್ತಿರ ಬಿಡಲಿಲ್ಲ. ಕೋವಿ ಹಿಡಿದವರು ಮೃಗ ಬರುವ ದಾರಿಯಲ್ಲಿ ಮರೆಯಾಗಿ ಕುಳಿತಿರುತ್ತಿದ್ದರು. ಡೋಲು ಬಡಿದು, ಕೂಗೆಬ್ಬಿಸಿ, ಪೊದೆಗೆ ಕೋಲಿನಿಂದ ಹೊಡೆದು ಅದನ್ನು ಅಟ್ಟಿಕೊಂಡು ಬರುವುದು ಒಕ್ಕಲಿನವರ ಕೆಲಸ. ಅವರ ಕೈಯಲ್ಲಿ ಕತ್ತಿಯಲ್ಲದೆ ಬೇರೇನೂ ಇರುತ್ತಿರಲಿಲ್ಲ. "ಹುಲಿ ತಿರುಗಿ ಬಿದ್ದರೆ ಮೊದಲು ಸಿಕ್ಕುವವರು ಇವರೇ. ಅಪ್ಪ ಬರುವವರೆಗೆ ಅಮ್ಮ ಒಲೆ ಹಚ್ಚುತ್ತಿರಲಿಲ್ಲ" ಎಂದರು ಅತ್ತೆ.

ಹಾಗೆಂದು ಅವರ ಮಾತಿನಲ್ಲಿ ಕಹಿಯಿರಲಿಲ್ಲ. ಬೇಟೆಯ ದಿನಗಳನ್ನು ಅವರು ಹಬ್ಬವೆಂಬಂತೆಯೇ ನೆನೆದರು. ನಿಜಕ್ಕೂ ಅದು ಹಬ್ಬವೇ ಆಗಿತ್ತು. ತುಳುವಿನಲ್ಲಿ ಬೇಟೆಗೆ ‘ಬೋಂಟೆ’ ಎನ್ನುತ್ತಾರೆ. ಫೆಬ್ರವರಿಯ ಎರಡನೆಯ ವಾರದ ಸುಮಾರಿಗೆ ಬರುವ ಕೆಡ್ಡಸವು ಭೂಮಿತಾಯಿ ಋತುಮತಿಯಾಗುವ ಕಾಲವೆಂದು ನಂಬಿಕೆ. ಆ ಮೂರು ದಿನ ನೆಲ ಅಗೆಯುವಂತಿಲ್ಲ, ಹಸಿ ಮರ ಕಡಿಯುವಂತಿಲ್ಲ. ದುಡಿಮೆ ನಿಂತ ಆ ದಿನಗಳಲ್ಲಿಯೇ ಊರವರು ಕೂಡಿ ಬೇಟೆಗೆ ಹೊರಡುವ ರೂಢಿಯಿತ್ತು. ಬಿದ್ದ ಹಂದಿಯ ಮಾಂಸದಲ್ಲಿ ಹೊಡೆದವನಿಗೆ, ನೆಲದ ಒಡೆಯನಿಗೆ, ಅಟ್ಟಿದವರಿಗೆ, ನಾಯಿ ತಂದವನಿಗೆ ಇಂತಿಂತಹ ಪಾಲೆಂದು ಇತ್ತೆಂದು ಅತ್ತೆ ಹೇಳಿದರು. ಪಾಲು ತಪ್ಪಿದರೆ ಮನಸ್ಸು ಮುರಿಯುತ್ತಿತ್ತು. ಕೋಟಿ ಚೆನ್ನಯರ ಪಾಡ್ದನದಲ್ಲಿ ಪಂಜ ಮತ್ತು ಎಣ್ಮೂರುಗಳ ನಡುವೆ ಕಾಳಗ ಹತ್ತುವುದೂ ಬೇಟೆಯ ಹಂದಿಯೊಂದರ ಕಾರಣದಿಂದಲೇ ಅಲ್ಲವೆ?

ಇನ್ನೊಂದು ಸೋಜಿಗವನ್ನೂ ಹೇಳಬೇಕು. ಹಂದಿಯನ್ನು ಬೆನ್ನಟ್ಟಿದ ಈ ಜನರೇ ಅದನ್ನು ಪಂಜುರ್ಲಿಯೆಂದು ನಂಬಿ ಕೋಲ ಕೊಡುತ್ತಾರೆ. ಹುಲಿಗೆ ಗುರಿಯಿಟ್ಟವರೇ ಪಿಲಿಚಾಮುಂಡಿಗೆ ಕೈಮುಗಿಯುತ್ತಾರೆ. ನೆರೆಯ ಕೊಡಗಿನಲ್ಲಿ ಹುಲಿ ಕೊಂದವನನ್ನು ಮದುಮಗನಂತೆ ಕೂರಿಸಿ ‘ನರಿಮಂಗಲ’ ಮಾಡುತ್ತಿದ್ದರು. ಕೊಲ್ಲುವುದೂ ಗೌರವಿಸುವುದೂ ಒಂದೇ ಮನಸ್ಸಿನ ಎರಡು ಮುಖಗಳಾಗಿದ್ದ ಕಾಲವದು. ಬಂಟ್ವಾಳ ತಾಲೂಕಿನ ಪಿಲಿಮೊಗರಿನಲ್ಲಿ ಹುಲಿ ಈಗ ಊರಿನ ಹೆಸರಿನಲ್ಲಿ ಉಳಿದಿದೆ. ನವರಾತ್ರಿಯಲ್ಲಿ ವೇಷವಾಗಿ ಬೀದಿಗೆ ಬರುತ್ತದೆ.

ಆದರೆ ಮೂಡುಬಿದಿರೆಯಂತಹ ಜೈನರ ಊರಿನಲ್ಲಿ ನಿಂತು ಬೇಟೆಯನ್ನು ಹೊಗಳುವುದು ಸುಲಭವಲ್ಲ. ಜನ್ನನ ‘ಯಶೋಧರ ಚರಿತೆ’ಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟುದಕ್ಕೇ ರಾಜನೂ ಅವನ ತಾಯಿಯೂ ಮೃಗಪಕ್ಷಿಗಳಾಗಿ ಜನ್ಮಜನ್ಮಾಂತರದಲ್ಲಿ ತೊಳಲುತ್ತಾರೆ. ಸಂಕಲ್ಪವೇ ಹಿಂಸೆ ಎಂಬ ಆ ಮಾತಿನ ಮುಂದೆ, ಕೋಲು ಸಿಕ್ಕಿಸಿ ಬಾಯಿ ತೆರೆಸಿದ ಹುಲಿಯ ಪಟ ತಲೆಯೆತ್ತಲಾರದು. ವಿದ್ಯಾರ್ಥಿನಿಯ ತಂದೆಗೆ ಅದು ಬೇಡವಾದದ್ದು ಅರ್ಥವಾಗದ ಸಂಗತಿಯೇನಲ್ಲ.

ಎರಡು ಕಾನೂನುಗಳು ಈ ಪಟದ ಕಾಲವನ್ನು ಮುಗಿಸಿದವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಹುಲಿಯನ್ನು ಯಜಮಾನರ ಕಾಲಬುಡದಿಂದ ಎಬ್ಬಿಸಿತು. ಭೂಸುಧಾರಣೆಯ ಕಾಯಿದೆಗೆ 1974ರಲ್ಲಿ ಬಂದ ತಿದ್ದುಪಡಿ ಒಕ್ಕಲನ್ನು ಅವರ ಬೆನ್ನ ಹಿಂದಿನಿಂದ ಬಿಡಿಸಿತು. ಅಜ್ಜ ಡಿಕ್ಲರೇಶನ್ ಕೊಟ್ಟು, ತಾನು ಉಳುತ್ತಿದ್ದ ಗದ್ದೆಯನ್ನು ಪಡೆದರು. ಅದರ ಬಲದಿಂದಲೇ ತಂದೆ ನನ್ನನ್ನು ಎಂ.ಎ.ವರೆಗೆ ಓದಿಸಿದರು. ಎರಡು ವರ್ಷಗಳ ಅಂತರದಲ್ಲಿ ಪಟದ ಕೆಳಗಿನ ಜೀವಕ್ಕೂ ಹಿಂದಿನ ಸಾಲಿಗೂ ಬಿಡುಗಡೆಯಾಯಿತು. ಆ ಪಟ ಮತ್ತೆ ತೆಗೆಯುವಂತಾಗಬಾರದು ಎನ್ನುವುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ತೆಗೆದಿರುವ ಪಟವನ್ನು ಹರಿದು ಹಾಕಿದರೆ ಹುಲಿಗೇನೂ ಲಾಭವಿಲ್ಲ; ನನ್ನ ಅಜ್ಜನ ಮುಖ ಮಾತ್ರ ಈ ಲೋಕದಿಂದ ಅಳಿಸಿಹೋಗುತ್ತದೆ.

ಅತ್ತೆ ಏಳು ಜನರಲ್ಲಿ ಐವರ ಹೆಸರು ಹೇಳಿದರು. ಅದನ್ನು ಬರೆದುಕೊಂಡು ಮತ್ತೆ ಬೆಳ್ತಂಗಡಿಗೆ ಹೋದೆ. ಹುಡುಗಿಯ ಅಜ್ಜ ಹೊಸ ಮನೆಯ ಜಗಲಿಯಲ್ಲಿ ಕುಳಿತಿದ್ದರು. ನಾನು ಯಾರ ಮೊಮ್ಮಗನೆಂಬುದನ್ನು ಆಗ ಹೇಳಿದೆ. ಅವರು ನನ್ನನ್ನೊಮ್ಮೆ, ಪಟವನ್ನೊಮ್ಮೆ ನೋಡಿ ಸುಮ್ಮನಾದರು. "ಅಂದು ಹೆಸರು ಬರೆಯಬೇಕೆಂದು ಯಾರಿಗೂ ತೋಚಲಿಲ್ಲ ಮಾಸ್ಟ್ರೇ" ಎಂದರು ಕೊನೆಗೆ. ಸ್ವಲ್ಪ ಹೊತ್ತಿನ ಮೇಲೆ ತಾವಾಗಿಯೇ ಬಲಗಡೆಯ ಎತ್ತರದವನನ್ನು ತೋರಿಸಿ, "ಇವನು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಡುತ್ತಿದ್ದ" ಎಂದು ಆರನೆಯ ಹೆಸರನ್ನು ಹೇಳಿದರು. ಮೊಮ್ಮಗಳು ಪೆನ್ಸಿಲ್ ತಂದು ಪಟದ ಬೆನ್ನಿನಲ್ಲಿ, ಬೊಳ್ಳುವಿನ ಹೆಸರಿನ ಕೆಳಗೆ, ಆರನ್ನೂ ಬರೆದಳು.

ಏಳನೆಯವನು ಯಾರೆಂದು ತಿಳಿಯಲಿಲ್ಲ. ಅವನ ಸ್ಥಾನದಲ್ಲಿ ಒಂದು ಗೆರೆ ಎಳೆದು ಬಿಟ್ಟಿದ್ದೇವೆ. ನಿಮ್ಮ ಮನೆಯ ಅಟ್ಟದ ಮೇಲೆಯೂ ಇಂತಹ ಪಟವಿದ್ದೀತು. ಅದನ್ನು ಗೋಡೆಗೆ ತೂಗಹಾಕಬೇಕೆಂದು ನಾನು ಹೇಳುವುದಿಲ್ಲ. ಮನೆಯ ಹಿರಿಯರ ಕಣ್ಣು ಇನ್ನೂ ಕಾಣುತ್ತಿರುವಾಗಲೇ ಒಮ್ಮೆ ಕೆಳಗಿಳಿಸಿ, ಹಿಂದೆ ನಿಂತವರು ಯಾರೆಂದು ಕೇಳಿ ಬರೆದಿಡಿ.