‘ನಾನು ರೆಡಿ’ ಎಂಬ ಟಿಕ್ ಮಾರ್ಕು

ಆನ್‌ಲೈನ್ ಕೋರ್ಸಿಗೆ ಸೇರುವ ಹೊತ್ತಿನಲ್ಲಿ ಹೊರದೇಶದ ಹಲವು ವಿಶ್ವವಿದ್ಯಾಲಯಗಳು ವಿದ್ಯಾರ್ಥಿಯ ಮುಂದೆ ಒಂದು ಪ್ರಶ್ನಾವಳಿ ಇಡುತ್ತವೆ. ‘ಸಮಯವನ್ನು ಚೆನ್ನಾಗಿ ನಿಭಾಯಿಸಬಲ್ಲೆ’, ‘ಯಾರೂ ಹೇಳದಿದ್ದರೂ ಓದಲು ಕೂರುತ್ತೇನೆ’, ‘ಕಂಪ್ಯೂಟರ್ ಎಂದರೆ ನನಗೆ ಅಳುಕಿಲ್ಲ’ ಎಂಬಂಥ ವಾಕ್ಯಗಳು. ಪ್ರತಿಯೊಂದರ ಎದುರು ಒಂದರಿಂದ ಐದರವರೆಗೆ ಅಂಕ. ಕೊನೆಗೊಂದು ಮೊತ್ತ ಸಿಗುತ್ತದೆ: ನೀವು ಸಿದ್ಧ, ಅಥವಾ ಇನ್ನೂ ಸ್ವಲ್ಪ ತಯಾರಿ ಬೇಕು. ನಮ್ಮಲ್ಲಿ ಕೇಂದ್ರ ಸರ್ಕಾರದ ನೆರವಿನ ಆನ್‌ಲೈನ್ ಕಲಿಕೆಯ ವೇದಿಕೆಗಳಾದ ಸ್ವಯಂ ಅಥವಾ ಎನ್‌ಪಿಟಿಇಎಲ್ ಕೋರ್ಸಿಗೆ ಹೆಸರು ನೋಂದಾಯಿಸುವ ಹುಡುಗ ಹುಡುಗಿಯರು ಇಂಥ ಫಾರ್ಮ್ ನೋಡಿರಲಿ ಬಿಡಲಿ, ಈ ಪ್ರಶ್ನೆಗಳನ್ನು ಮನಸ್ಸಿನಲ್ಲೇ ಕೇಳಿಕೊಂಡು ಮನಸ್ಸಿನಲ್ಲೇ ಐದಕ್ಕೆ ಐದು ಹಾಕಿಕೊಂಡುಬಿಡುತ್ತಾರೆ. ಪ್ರಶ್ನೆಗಳಲ್ಲಿ ಅಂಥ ದೋಷವಿಲ್ಲ. ತೊಡಕಿರುವುದು ಉತ್ತರದ ಹಿಂದೆ ಕೂತಿರುವ ನಂಬಿಕೆಗಳಲ್ಲಿ.

‘ಮೊಬೈಲ್ ನನಗೆ ನೀರು ಕುಡಿದಷ್ಟು ಸುಲಭ, ಇನ್ನು ಆನ್‌ಲೈನ್ ಓದೇನು ಮಹಾ?’

ಈ ನಂಬಿಕೆಗೆ ಬಲ ತುಂಬಿದವರು ಅಮೆರಿಕದ ಲೇಖಕ ಮಾರ್ಕ್ ಪ್ರೆನ್ಸ್ಕಿ. ಕಂಪ್ಯೂಟರುಗಳ ನಡುವೆಯೇ ಹುಟ್ಟಿ ಬೆಳೆದ ಪೀಳಿಗೆಗೆ ಅವರು 2001ರಲ್ಲಿ ‘ಡಿಜಿಟಲ್ ನೇಟಿವ್ಸ್’ ಎಂದು ಹೆಸರಿಟ್ಟರು. ಇವರು ಯೋಚಿಸುವ ರೀತಿಯೇ ಬೇರೆ, ಶಾಲೆಯೇ ಇವರಿಗೆ ತಕ್ಕಂತೆ ಬದಲಾಗಬೇಕು ಎಂದರು. ಮಾತು ಜಗತ್ತಿನ ತುಂಬ ಹಬ್ಬಿತು, ಪುರಾವೆ ಮಾತ್ರ ಹಿಂದೆ ಬರಲಿಲ್ಲ. ಸಂಶೋಧನೆಗಳನ್ನೆಲ್ಲ ಜಾಲಾಡಿದ ಪಾಲ್ ಕಿರ್ಶ್ನರ್ ಮತ್ತು ಪೆಡ್ರೊ ಡಿ ಬ್ರೂಕರೆ 2017ರಲ್ಲಿ, ತಂತ್ರಜ್ಞಾನದ ನಡುವೆ ಹುಟ್ಟಿದ ಮಾತ್ರಕ್ಕೆ ಅದರಿಂದ ಕಲಿಯುವ ವಿಶೇಷ ಶಕ್ತಿ ಯಾರಿಗೂ ಬಂದುಬಿಡುವುದಿಲ್ಲ ಎಂದು ಬರೆದರು.

ಇದಕ್ಕಿಂತ ನೇರವಾದ ಸಾಕ್ಷಿ ತೈವಾನಿನದು. ಆನ್‌ಲೈನ್ ಕಲಿಕೆಯ ಸಿದ್ಧತೆಯನ್ನು ಅಳೆಯಲು ಅಲ್ಲಿನ ಸಂಶೋಧಕರು 18 ವಾಕ್ಯಗಳ ಒಂದು ಪ್ರಶ್ನಾವಳಿ ಮಾಡಿ, 1051 ಕಾಲೇಜು ವಿದ್ಯಾರ್ಥಿಗಳ ಉತ್ತರ ಪಡೆದರು. ಫಲಿತಾಂಶ ಪ್ರಕಟವಾದದ್ದು 2010ರಲ್ಲಿ. ಕಂಪ್ಯೂಟರ್ ಮತ್ತು ಇಂಟರ್ನೆಟ್ ಬಳಕೆಯ ಆತ್ಮವಿಶ್ವಾಸ, ಕಲಿಯುವ ಆಸೆ, ಆನ್‌ಲೈನಿನಲ್ಲಿ ಮಾತುಕತೆ ನಡೆಸುವ ಧೈರ್ಯ, ಈ ಮೂರರಲ್ಲೂ ವಿದ್ಯಾರ್ಥಿಗಳ ಅಂಕ ಚೆನ್ನಾಗಿತ್ತು. ಕಡಿಮೆ ಬಿದ್ದದ್ದು ಉಳಿದ ಎರಡರಲ್ಲಿ: ತನ್ನ ಓದನ್ನು ತಾನೇ ಮುನ್ನಡೆಸುವುದು, ಮತ್ತು ಪರದೆಯ ಮುಂದೆ ಕೂತಾಗ ತನ್ನನ್ನು ತಾನು ಹಿಡಿತದಲ್ಲಿಟ್ಟುಕೊಳ್ಳುವುದು. ವಿದ್ಯಾರ್ಥಿಗಳೇ ತಮಗೆ ತಾವು ಕೊಟ್ಟುಕೊಂಡ ಅಂಕಗಳಿವು ಎಂಬುದು ನೆನಪಿರಲಿ. ಯಂತ್ರ ಒಲಿದಿದೆ, ತಾವು ತಮಗೆ ಒಲಿದಿಲ್ಲ ಎಂದು ಅವರೇ ಹೇಳಿದಂತಾಯಿತು.

ಇನ್ನೂ ಒಂದಿದೆ. ರೀಲ್ಸ್ ಕತ್ತರಿಸಿ ಹಾಡು ಜೋಡಿಸುವ ಕೈಗೆ, ಕೈಬರಹದ ನಾಲ್ಕು ಪುಟ ಸ್ಕ್ಯಾನ್ ಮಾಡಿ ಒಂದೇ ಪಿಡಿಎಫ್ ಮಾಡಿ ಗಡುವಿನೊಳಗೆ ಅಪ್‌ಲೋಡ್ ಮಾಡುವುದು ಬಂದೇ ಬರುತ್ತದೆ ಎಂದೇನಿಲ್ಲ. ವಾಟ್ಸಾಪ್ ಬಿಟ್ಟು ಇಮೇಲ್ ತೆರೆಯದವರಿಗೆ ಕೋರ್ಸಿನ ಸೂಚನೆಗಳೇ ಕಣ್ಣಿಗೆ ಬೀಳುವುದಿಲ್ಲ.

‘ಫಾರ್ಮಿನಲ್ಲಿ ಒಳ್ಳೆಯ ಅಂಕ ಬಂತು, ಅಂದರೆ ಕೋರ್ಸ್ ಮುಗಿಸುತ್ತೇನೆ’

ಆ ಅಂಕ ಅಳೆಯುವುದು ನಿಮ್ಮ ಬಗ್ಗೆ ನಿಮಗಿರುವ ಅಭಿಪ್ರಾಯವನ್ನು. ಅಭಿಪ್ರಾಯ ಸುಳ್ಳೆಂದಲ್ಲ, ಮುಂದಿನ ದಿನಗಳ ಬಗ್ಗೆ ಕೇಳಿದಾಗ ಅದು ತೀರಾ ಉದಾರವಾಗಿಬಿಡುತ್ತದೆ. ಕೆನಡಾದಲ್ಲಿ ಮನಶ್ಶಾಸ್ತ್ರಜ್ಞ ರೋಜರ್ ಬ್ಯೂಲರ್ ಮತ್ತು ಸಂಗಡಿಗರು ಪದವಿಯ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು, ಎಷ್ಟು ದಿನದಲ್ಲಿ ಮುಗಿಸುತ್ತೀರಿ ಎಂದು ಕೇಳಿದರು. ಸರಾಸರಿ ಉತ್ತರ ಸುಮಾರು 34 ದಿನ. ಎಲ್ಲವೂ ಕೆಟ್ಟರೆ ಎಷ್ಟು ದಿನ ಎಂದು ಕೇಳಿದಾಗ ಸುಮಾರು 49 ದಿನ ಎಂದರು. ನಿಜಕ್ಕೂ ಹಿಡಿದದ್ದು 55 ದಿನಕ್ಕೂ ಹೆಚ್ಚು. ಎಲ್ಲವೂ ಕೆಟ್ಟರೆ ಎಂಬ ಲೆಕ್ಕವೂ ಸಾಲಲಿಲ್ಲ! 1994ರ ಈ ಅಧ್ಯಯನದಲ್ಲಿ ಇದ್ದವರು ಸೋಮಾರಿಗಳಲ್ಲ, ಆನರ್ಸ್ ಓದುತ್ತಿದ್ದವರು. ಹಿಂದೆ ಎಷ್ಟು ಬಾರಿ ಕೆಲಸ ತಡವಾಗಿತ್ತು ಎಂಬುದು ಗೊತ್ತಿದ್ದೂ, ಮುಂದಿನ ಕೆಲಸದ ಅಂದಾಜು ಹಾಕುವಾಗ ಅದನ್ನು ಲೆಕ್ಕಕ್ಕೆ ಹಿಡಿಯದಿರುವುದೇ ಮನುಷ್ಯರ ರೂಢಿ ಎಂದು ಬ್ಯೂಲರ್ ತಂಡ ಕಂಡುಕೊಂಡಿತು.

ಹಾಗಾದರೆ ಮೊದಲ ದಿನವೇ ಟೈಮ್‌ಟೇಬಲ್ ಬರೆಸಿದರೆ? ಅದನ್ನೂ ಮಾಡಿ ನೋಡಿದ್ದಾರೆ. ಹಾರ್ವರ್ಡ್, ಎಂಐಟಿ, ಸ್ಟ್ಯಾನ್‌ಫರ್ಡ್ ನಡೆಸಿದ ಸುಮಾರು 250 ಆನ್‌ಲೈನ್ ಕೋರ್ಸುಗಳಲ್ಲಿ, ಲಕ್ಷಗಟ್ಟಲೆ ಜನರ ಮೇಲೆ ಇಂಥ ಸಣ್ಣ ಉಪಾಯಗಳನ್ನು ಪರೀಕ್ಷಿಸಿದ ವರದಿ 2020ರಲ್ಲಿ ಬಂತು. ಯಾವಾಗ, ಎಲ್ಲಿ ಕೂತು ಓದುತ್ತೇನೆ ಎಂದು ಮೊದಲೇ ಬರೆದಿಟ್ಟವರಿಗೆ ಆರಂಭದ ಕೆಲವು ವಾರ ಲಾಭವಾಯಿತು, ಆಮೇಲೆ ಅದರ ಕಾವು ಇಳಿಯಿತು.

ಪ್ರಶ್ನಾವಳಿಯನ್ನು ಎಸೆಯಬೇಕಾಗಿಲ್ಲ, ಅದರ ಕಾಲವನ್ನು ತಿರುಗಿಸಿದರೆ ಸಾಕು ಎನ್ನುವುದು ನನ್ನ ವಾದ. ‘ಸಮಯ ನಿಭಾಯಿಸಬಲ್ಲೆ’ ಎಂಬುದಕ್ಕೆ ಅಂಕ ಕೊಡುವ ಬದಲು, ಕಳೆದ ವಾರ ಯಾರ ಒತ್ತಾಯವೂ ಇಲ್ಲದೆ ಎಷ್ಟು ಗಂಟೆ ಓದಿದೆ ಎಂದು ಬರೆಯಿರಿ. ‘ಗಮನವಿಟ್ಟು ಕೂರುತ್ತೇನೆ’ ಎನ್ನುವ ಬದಲು, ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಸ್ಕ್ರೀನ್ ಟೈಮ್ ತೆರೆಯಿರಿ. ದಿನಕ್ಕೆಷ್ಟು ಗಂಟೆ, ಯಾವ ಆ್ಯಪಿಗೆ ಎಷ್ಟು ಎಂದು ಅದು ಮುಲಾಜಿಲ್ಲದೆ ತೋರಿಸುತ್ತದೆ. ಕೊನೆಯ ಮೂರು ಅಸೈನ್‌ಮೆಂಟುಗಳನ್ನು ಗಡುವಿಗೆ ಎಷ್ಟು ಮೊದಲು ಕೊಟ್ಟೆ? ಅರ್ಥವಾಗದ್ದನ್ನು ಕೊನೆಯ ಬಾರಿ ಯಾರನ್ನು ಕೇಳಿದೆ? ಈ ಪ್ರಶ್ನೆಗಳಿಗೆ ಐದಕ್ಕೆ ಐದು ಹಾಕಿಕೊಳ್ಳಲು ಬರುವುದಿಲ್ಲ.

ಉತ್ತರವನ್ನು ಕೋರ್ಸಿನ ಬೇಡಿಕೆಯ ಪಕ್ಕದಲ್ಲಿಡಿ. ಎನ್‌ಪಿಟಿಇಎಲ್ ಕೋರ್ಸೊಂದರಲ್ಲಿ ವಾರಕ್ಕೆ ಸುಮಾರು ಎರಡೂವರೆ ಮೂರು ಗಂಟೆಯ ವಿಡಿಯೊ ಇರುತ್ತದೆ. ನಿಲ್ಲಿಸಿ, ಹಿಂದೆ ಹೋಗಿ, ಟಿಪ್ಪಣಿ ಮಾಡಿ, ಅಸೈನ್‌ಮೆಂಟ್ ಬಿಡಿಸುವುದು ಸೇರಿದರೆ ಅದರ ಎರಡರಷ್ಟು ಹೊತ್ತು ಹಿಡಿಯುತ್ತದೆ ಎಂದಿಟ್ಟುಕೊಳ್ಳುವುದು ಕ್ಷೇಮ. 12 ವಾರದ ಕೋರ್ಸಾದರೆ ಇದು ಅಷ್ಟೂ ವಾರ. ಅದೇ ಸೆಮಿಸ್ಟರಿನಲ್ಲಿ ಕಾಲೇಜಿನ ಇಂಟರ್ನಲ್ಸ್, ಲ್ಯಾಬು, ಊರ ಜಾತ್ರೆ, ಅಕ್ಕನ ಮದುವೆ ಎಲ್ಲವೂ ಇರುತ್ತವೆ.

‘ವಿಡಿಯೊ ನೋಡಿದೆ, ಎಲ್ಲ ಅರ್ಥವಾಯಿತು’

ತನ್ನನ್ನು ತಾನು ಅಳೆದುಕೊಳ್ಳುವಲ್ಲಿ ವಿದ್ಯಾರ್ಥಿ ಅತಿ ಹೆಚ್ಚು ಮೋಸಹೋಗುವ ಜಾಗ ಇದು. ಚೆನ್ನಾಗಿ ಪಾಠ ಮಾಡುವವರ ವಿಡಿಯೊ ನೋಡುವಾಗ ಅರ್ಥವಾಗುತ್ತಿದೆ ಎನಿಸುವುದು ಸಹಜ. ಆದರೆ ಆ ಸರಾಗ ಪಾಠ ಮಾಡುತ್ತಿರುವವರದು, ನೋಡುತ್ತಿರುವವರದಲ್ಲ.

ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ (ಸೇಂಟ್ ಲೂಯಿಸ್ ನಗರದ್ದು) ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ನೆನೆಯಬೇಕಾದದ್ದು. ಒಂದು ಗುಂಪು ಪಠ್ಯವನ್ನು ನಾಲ್ಕು ಸರದಿಯಲ್ಲಿ ಓದಿತು. ಇನ್ನೊಂದು ಗುಂಪು ಒಂದು ಸರದಿ ಓದಿ, ಉಳಿದ ಮೂರರಲ್ಲಿ ಪುಸ್ತಕ ಮುಚ್ಚಿ ನೆನಪಾದದ್ದನ್ನು ಬರೆಯಿತು. ಐದು ನಿಮಿಷದ ಬಳಿಕ ಕೇಳಿದಾಗ ಓದಿದವರೇ ಮುಂದೆ: 83 ಪ್ರತಿಶತಕ್ಕೆ 71. ವಾರದ ಬಳಿಕ ಲೆಕ್ಕ ತಲೆಕೆಳಗಾಯಿತು. ಮತ್ತೆ ಮತ್ತೆ ಓದಿದವರಿಗೆ ಉಳಿದದ್ದು 40, ನೆನಪಿನಿಂದ ಬರೆದವರಿಗೆ 61. ನಮ್ಮ ವಿಷಯಕ್ಕೆ ಇದಕ್ಕಿಂತ ಮುಖ್ಯವಾದ ಸಂಗತಿ ಬೇರೆ ಇದೆ. ವಾರದ ಬಳಿಕ ಎಷ್ಟು ನೆನಪಿರಬಹುದು ಎಂದು ಮೊದಲೇ ಕೇಳಿದ್ದಾಗ, ಹೆಚ್ಚು ಭರವಸೆಯಿಂದ ಉತ್ತರಿಸಿದ್ದು ಬರೀ ಓದಿದ ಗುಂಪು.

2019ರಲ್ಲಿ ಹಾರ್ವರ್ಡಿನ ಭೌತಶಾಸ್ತ್ರ ತರಗತಿಗಳಲ್ಲೂ ಇಂಥದೇ ಕಂಡಿತು. ತಾವೇ ಲೆಕ್ಕ ಬಿಡಿಸುತ್ತ ತಡವರಿಸಿದ ವಿದ್ಯಾರ್ಥಿಗಳು ಹೆಚ್ಚು ಕಲಿತಿದ್ದರು, ಕಡಿಮೆ ಕಲಿತೆವು ಎಂದುಕೊಂಡಿದ್ದರು. ನಯವಾದ ಉಪನ್ಯಾಸ ಕೇಳಿದವರದು ಇದರ ವಿರುದ್ಧ. ಅಂದರೆ ‘ಆನ್‌ಲೈನ್ ಪಾಠ ನನಗೆ ಸುಲಭವಾಗಿ ಅರ್ಥವಾಗುತ್ತದೆ’ ಎಂಬ ವಾಕ್ಯಕ್ಕೆ ಹಾಕಿದ ಪೂರ್ಣ ಅಂಕವನ್ನು ಸಂಶಯದಿಂದಲೇ ನೋಡಬೇಕು. ಸಿದ್ಧತೆ ತಿಳಿಯಲು ಒಂದು ದಾರಿ: ಸೇರಬೇಕೆಂದಿರುವ ಕೋರ್ಸಿನ ಒಂದು ಪಾಠ ನೋಡಿ, ಲ್ಯಾಪ್‌ಟಾಪ್ ಮುಚ್ಚಿ, ಬಿಳಿ ಹಾಳೆಯ ಮೇಲೆ ಅರ್ಧ ಪುಟ ಬರೆಯುವುದು. ಎನ್‌ಪಿಟಿಇಎಲ್‌ನ ಹಳೆಯ ಪಾಠಗಳು ಯೂಟ್ಯೂಬಿನಲ್ಲಿ ಪುಕ್ಕಟೆಯಾಗಿ ಸಿಗುವುದರಿಂದ ಇದಕ್ಕೆ ಹೆಸರು ನೋಂದಾಯಿಸುವ ಅಗತ್ಯವೂ ಇಲ್ಲ.

‘ನಾನು ನೋಡಿ ಕಲಿಯುವವನು, ನನಗೆ ವಿಡಿಯೊನೇ ಸರಿ’

ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು ಎಂಬ ವಿಂಗಡಣೆ ಶಿಕ್ಷಕರ ತರಬೇತಿಗಳಲ್ಲೂ ಓಡಾಡುತ್ತದೆ. ಅವರವರ ಶೈಲಿಗೆ ತಕ್ಕಂತೆ ಕಲಿಸಿದರೆ ಹೆಚ್ಚು ಕಲಿಯುತ್ತಾರೆ ಎಂಬುದಕ್ಕೆ ಸಾಕಷ್ಟು ಆಧಾರವಿಲ್ಲ ಎಂದು ಹೆರಾಲ್ಡ್ ಪ್ಯಾಷ್ಲರ್ ಮತ್ತಿತರ ಮೂವರು ಮನಶ್ಶಾಸ್ತ್ರಜ್ಞರು 2008ರಲ್ಲೇ ಹೇಳಿಯಾಗಿದೆ. ಇಷ್ಟವಾಗುವುದು ಬೇರೆ, ಕಲಿಸುವುದು ಬೇರೆ. ಈ ಪ್ರಶ್ನೆ ಫಾರ್ಮಿನಲ್ಲಿದ್ದರೆ ದಾಟಿ ಹೋಗಿ.

‘ನೆಟ್‌ವರ್ಕ್ ಇಲ್ಲ, ಕೋಣೆ ಇಲ್ಲ, ಹಾಗಾಗಿ ನಾನು ಸಿದ್ಧಳಲ್ಲ’

2021ರ ಮಳೆಗಾಲದಲ್ಲಿ ಸುಳ್ಯ ತಾಲೂಕಿನ ಒಂದು ಚಿತ್ರ ಎಲ್ಲರ ಫೋನಿಗೂ ಬಂದಿತ್ತು: ರಸ್ತೆ ಬದಿಯಲ್ಲಿ ಕೂತು ಕ್ಲಾಸ್ ಕೇಳುತ್ತಿರುವ ಮಗಳು, ಕೊಡೆ ಹಿಡಿದು ನಿಂತ ಅಪ್ಪ. ಸಿಗ್ನಲ್ ಸಿಗುತ್ತಿದ್ದದ್ದು ಅಲ್ಲಿ. ‘ನಿಶ್ಶಬ್ದವಾದ ಜಾಗ ಇದೆಯೇ’, ‘ಅಡಚಣೆಯಿಲ್ಲದ ಇಂಟರ್ನೆಟ್ ಇದೆಯೇ’ ಎಂದು ಫಾರ್ಮ್ ಕೇಳಿದ್ದರೆ ಆ ಹುಡುಗಿಗೆ ಸೊನ್ನೆ ಬೀಳುತ್ತಿತ್ತು. ಓದುವ ಛಲದಲ್ಲಿ ಅವಳಿಗೆ ಸೊನ್ನೆ ಕೊಡುವವರು ಯಾರು?

2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಕಂಪ್ಯೂಟರ್ ಇದ್ದ ಮನೆಗಳು ಸುಮಾರು 11 ಪ್ರತಿಶತ, ಇಂಟರ್ನೆಟ್ ಸೌಲಭ್ಯ ಇದ್ದವು ಸುಮಾರು 24 ಪ್ರತಿಶತ. ಆಮೇಲೆ ಅಗ್ಗದ ಡೇಟಾ ಹಳ್ಳಿಗಳಿಗೂ ಬಂದಿದೆ. ಹಾಗೆಂದು ಒಂದೇ ಫೋನನ್ನು ಅಣ್ಣ, ತಂಗಿ, ಅಮ್ಮ ಹಂಚಿಕೊಳ್ಳುವ ಮನೆಗಳೇನೂ ಮಾಯವಾಗಿಲ್ಲ. ಸಲಕರಣೆಯ ಕೊರತೆಯನ್ನು ವಿದ್ಯಾರ್ಥಿಯ ಗುಣದ ಕೊರತೆಯ ಜೊತೆ ಒಂದೇ ಮೊತ್ತದಲ್ಲಿ ಕೂಡಿಸುವುದು ತಪ್ಪು. ಇಲ್ಲಿ ‘ಇಲ್ಲ’ ಎಂದು ಬಂದ ಉತ್ತರ ಮೊದಲು ತಲುಪಬೇಕಾದದ್ದು ಕಾಲೇಜಿಗೆ. ಲ್ಯಾಬನ್ನು ಸಂಜೆ ಆರರವರೆಗೆ ತೆರೆದಿಡಬಹುದೇ, ಲೈಬ್ರರಿಯ ವೈಫೈಯಲ್ಲಿ ವಾರದ ವಿಡಿಯೊಗಳನ್ನು ಇಳಿಸಿಕೊಳ್ಳಲು ಬಿಡಬಹುದೇ ಎಂದು ಕೇಳಲು ಅದೇ ದಾಖಲೆ.

‘ಸಂಕೋಚದವರಿಗೆ ಆನ್‌ಲೈನೇ ವಾಸಿ’

ಅರ್ಧ ನಿಜ. ಎಲ್ಲರೆದುರು ಕೈ ಎತ್ತುವ ಕಷ್ಟ ಇಲ್ಲಿಲ್ಲ. ಆದರೆ ತರಗತಿಯಲ್ಲಿ ಮುಖ ನೋಡಿಯೇ ‘ಏನಮ್ಮಾ, ಅರ್ಥವಾಗಲಿಲ್ಲವಾ?’ ಎನ್ನುವ ಮೇಷ್ಟ್ರೂ ಇಲ್ಲ. ಅನುಮಾನ ಬಂದರೆ ಬರೆದೇ ಕೇಳಬೇಕು, ಅದೂ ಹೆಚ್ಚಾಗಿ ಇಂಗ್ಲಿಷಿನಲ್ಲಿ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಮುಗ್ಗರಿಸುವುದು ಇಲ್ಲೇ. ಅವರಿಗೆ ವಿಷಯ ಗೊತ್ತಿರುತ್ತದೆ. ಸಾಲದ್ದು ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಬರೆಯುವ ಧೈರ್ಯ. ಮೇಲೆ ಹೇಳಿದ ತೈವಾನಿನ ಪ್ರಶ್ನಾವಳಿಯಲ್ಲಿ ಪಾಠದ ಭಾಷೆಯ ಬಗ್ಗೆ ಬೇರೆ ವಿಭಾಗವೇ ಇಲ್ಲ. ನಮ್ಮ ಕಾಲೇಜುಗಳು ಇಂಥ ಫಾರ್ಮನ್ನು ತರಿಸಿಕೊಂಡು ಹಾಗೇ ಹಂಚುವ ಮೊದಲು ಈ ಪ್ರಶ್ನೆಯನ್ನು ಸೇರಿಸಿಕೊಳ್ಳಬೇಕು. ಎನ್‌ಪಿಟಿಇಎಲ್ ಕೆಲವು ಕೋರ್ಸುಗಳಿಗೆ ಕನ್ನಡದಲ್ಲೂ ಪಠ್ಯ ಒದಗಿಸಿದೆ ಎಂಬುದನ್ನೂ ಹೇಳಬೇಕು. ಅದು ಎಷ್ಟೋ ಮಂದಿಗೆ ಗೊತ್ತೇ ಇಲ್ಲ.

‘ಹೇಗೂ ಆನ್‌ಲೈನು, ನೋಡಿಕೊಂಡು ಬರೆದರಾಯಿತು’

ಎನ್‌ಪಿಟಿಇಎಲ್ ಪ್ರಮಾಣಪತ್ರದ ಪರೀಕ್ಷೆ ಮನೆಯಲ್ಲಿ ನಡೆಯುವುದಿಲ್ಲ. ಗೊತ್ತುಪಡಿಸಿದ ಕೇಂದ್ರಕ್ಕೆ ಹೋಗಿ, ಮೇಲ್ವಿಚಾರಕರ ಕಣ್ಣೆದುರು ಬರೆಯಬೇಕು. ಪರೀಕ್ಷೆಗೆ 75 ಅಂಕ, ಅಸೈನ್‌ಮೆಂಟುಗಳಿಗೆ 25. ಪಾಸಾಗಲು ಪರೀಕ್ಷೆಯಲ್ಲಿ ಕನಿಷ್ಠ 30, ಅಸೈನ್‌ಮೆಂಟಿನಲ್ಲಿ ಕನಿಷ್ಠ 10 ಬೇಕು. 12 ವಾರದ ಕೋರ್ಸಿನಲ್ಲಿ ಅತ್ಯುತ್ತಮವಾದ 8 ಅಸೈನ್‌ಮೆಂಟುಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. ನಾಲ್ಕು ವಾರ ಜ್ವರ ಬರಲಿ, ಹಬ್ಬ ಬರಲಿ ಎಂದು ಬಿಟ್ಟ ರಿಯಾಯಿತಿ ಇದು. ಮೊದಲ ನಾಲ್ಕು ವಾರದಲ್ಲೇ ಅದನ್ನು ಖರ್ಚು ಮಾಡಿಕೊಳ್ಳುವವರೂ ಇದ್ದಾರೆ. ಗೆಳೆಯರ ಗ್ರೂಪಿನಲ್ಲಿ ಬಂದ ಉತ್ತರವನ್ನು ಅಸೈನ್‌ಮೆಂಟಿಗೆ ಒತ್ತಿ 25ಕ್ಕೆ 24 ಪಡೆದವರು ಪರೀಕ್ಷೆಯಲ್ಲಿ 30 ಮುಟ್ಟಲಾರದೆ ಹೋದರೆ ಆ 24ಕ್ಕೆ ಬೆಲೆಯಿಲ್ಲ.

‘ನಡುವೆ ಬಿಟ್ಟವರೆಲ್ಲ ಸೋತವರು’

ಹಾರ್ವರ್ಡ್ ಮತ್ತು ಎಂಐಟಿಯ ಮುಕ್ತ ಆನ್‌ಲೈನ್ ಕೋರ್ಸುಗಳಲ್ಲಿ 2017-18ರಲ್ಲಿ ಸೇರಿದವರ ಪೈಕಿ ಮುಗಿಸಿದವರು ಸುಮಾರು 3 ಪ್ರತಿಶತ. ಹಣ ಕೊಟ್ಟು ಪ್ರಮಾಣಪತ್ರದ ದಾರಿ ಹಿಡಿದವರಲ್ಲಿ ಇದೇ ಸಂಖ್ಯೆ 46. ಪುಕ್ಕಟೆ ಬಾಗಿಲಲ್ಲಿ ಇಣುಕಿ ಹೋಗುವವರನ್ನೂ ಸೇರಿಸಿ ಎಣಿಸಿದರೆ ಮೊದಲ ಸಂಖ್ಯೆ ಹಾಗೇ ಬರುತ್ತದೆ. ಹಾಗೆಂದು ದುಡ್ಡು ಕಟ್ಟಿದರೆ ಓದು ತಾನಾಗಿ ಬರುತ್ತದೆ ಎಂದೂ ತಿಳಿಯಬೇಡಿ. ಮುಗಿಸಲೇಬೇಕು ಎಂದು ಬಂದವರೇ ದುಡ್ಡು ಕಟ್ಟಿರುವ ಸಾಧ್ಯತೆ ಹೆಚ್ಚು, ಮತ್ತು ಅವರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿ ಮುಗಿಸಲಿಲ್ಲ.

ಎನ್‌ಪಿಟಿಇಎಲ್‌ನಲ್ಲಿ ಕೋರ್ಸಿಗೆ ಸೇರುವುದು ಉಚಿತ. ಪರೀಕ್ಷೆಗೆ ಬೇರೆಯಾಗಿ ನೋಂದಾಯಿಸಬೇಕು, ಶುಲ್ಕ ಸಾಮಾನ್ಯವಾಗಿ ಕೋರ್ಸಿಗೆ 1000 ರೂಪಾಯಿ. ಆ ನೋಂದಣಿಯ ಕೊನೆಯ ದಿನಾಂಕ ಪಾಠ ಶುರುವಾಗಿ ಕೆಲವು ವಾರಗಳ ನಂತರ ಬರುತ್ತದೆ. ಅಷ್ಟರಲ್ಲಿ ಎರಡು ಮೂರು ಅಸೈನ್‌ಮೆಂಟುಗಳ ಗಡುವು ಮುಗಿದಿರುತ್ತದೆ. ಸಿದ್ಧತೆಯ ಫಾರ್ಮನ್ನು ಮತ್ತೊಮ್ಮೆ ತುಂಬುವುದಿದ್ದರೆ ಆಗ ತುಂಬಿ, ಶುಲ್ಕ ಕಟ್ಟುವುದೋ ಬಿಡುವುದೋ ಆಮೇಲೆ ನೋಡಿ.