ತಂಗಡಿಯ ಒಗರು

ಕಲಬುರಗಿ ನಗರವನ್ನು ದಾಟಿ ಹುಮನಾಬಾದ್ ರಸ್ತೆ ಹಿಡಿದರೆ ಸಿಗುವ ಕಮಲಾಪುರ ಕೆಂಪು ಬಾಳೆಗೆ ಹೆಸರಾದ ಊರು. ಬಾಳೆಗೆ ನೀರು ಬೇಕು, ಆರೈಕೆ ಬೇಕು. ಯಾರೂ ನೆಡದಿದ್ದರೂ ಈ ಸೀಮೆಯ ಬೀಳು ನೆಲದಲ್ಲಿ ಬೆಳೆದು ಹಳದಿ ಹೂ ಬಿಡುವ ಗಿಡ ತಂಗಡಿ. ದಕ್ಷಿಣದ ಜಿಲ್ಲೆಗಳಲ್ಲಿ ಇದಕ್ಕೆ ಆವರಿಕೆ ಎಂದು ಹೆಸರು. ಗಡಿಯಾಚೆಯ ತೆಲಂಗಾಣದಲ್ಲಿ ಬತುಕಮ್ಮ ಹಬ್ಬಕ್ಕೆ ಈ ಹೂವೇ ಮುಖ್ಯ. 2014ರಲ್ಲಿ ರಾಜ್ಯ ಉದಯಿಸಿದಾಗ ಅಲ್ಲಿನ ಸರ್ಕಾರ ಇದನ್ನೇ ರಾಜ್ಯಪುಷ್ಪವೆಂದು ಘೋಷಿಸಿತು.

ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಸೆನ್ನಾ ಆರಿಕ್ಯುಲೇಟಾ. ಎಲೆಯ ಬುಡದಲ್ಲಿ ಪುಟ್ಟ ಕಿವಿಯಂಥ ಉಪಪತ್ರಗಳಿರುವುದರಿಂದ ಈ ಹೆಸರು ಬಂದಿದೆ.

ತಂಗಡಿಯ ನಿಜವಾದ ಚರಿತ್ರೆ ಅಡಗಿರುವುದು ಅದರ ತೊಗಟೆಯಲ್ಲಿ. ದಕ್ಷಿಣ ಭಾರತದಲ್ಲಿ ಚರ್ಮ ಹದ ಮಾಡಲು ಬಹುಕಾಲ ಇದೇ ತೊಗಟೆಯನ್ನು ಬಳಸುತ್ತಿದ್ದರು. ಮದರಾಸಿನಿಂದ ಹಡಗೇರುತ್ತಿದ್ದ ತೊಗಲಿನ ಹದಕ್ಕೂ ಇದೇ ಆಧಾರವಾಗಿತ್ತು. ಇಪ್ಪತ್ತನೆಯ ಶತಮಾನದಲ್ಲಿ ದಕ್ಷಿಣ ಆಫ್ರಿಕದ ವಾಟಲ್ ತೊಗಟೆಯೂ ಕ್ರೋಮ್ ಹದವೂ ಬಂದ ಮೇಲೆ ತಂಗಡಿ ಹಿಂದೆ ಸರಿಯಿತು.

ಹದದ ಗುಟ್ಟು ಟ್ಯಾನಿನ್ ಎಂಬ ರಾಸಾಯನಿಕ. ಬಾಯಿಗೆ ಒಗರು ಕೊಡುವುದೂ ಅದೇ. ಟ್ಯಾನಿನ್ ಅಣುವಿನಲ್ಲಿ ಜಲಜನಕ ಮತ್ತು ಆಮ್ಲಜನಕ ಜೊತೆಗೂಡಿದ ಹಲವು ಗುಂಪುಗಳಿರುತ್ತವೆ. ಇವು ಚರ್ಮದ ಪ್ರೋಟೀನಿಗೆ ಅಂಟಿಕೊಂಡು ಅದನ್ನು ಕೊಳೆಯದಂತೆ ಕಾಯುತ್ತವೆ. ಹೂವಿನಲ್ಲಿ ಟ್ಯಾನಿನ್ ಜೊತೆಗೆ ಫ್ಲೇವನಾಯ್ಡ್ ವರ್ಗದ ವಸ್ತುಗಳೂ ಇವೆ. ಅವುಗಳಲ್ಲಿಯೂ ಇಂಥ ಗುಂಪುಗಳುಂಟು.

ಇದೇ ಗುಂಪುಗಳು ಇನ್ನೊಂದು ಕೆಲಸವನ್ನೂ ಮಾಡುತ್ತವೆ. ಜೀವಕೋಶಗಳಲ್ಲಿ ಹುಟ್ಟುವ ಕೆಲವು ಅಣುಗಳಲ್ಲಿ ಒಂಟಿ ಎಲೆಕ್ಟ್ರಾನ್ ಇರುತ್ತದೆ. ಜೋಡಿಗಾಗಿ ಅವು ಪಕ್ಕದ ಅಣುಗಳ ಮೇಲೆರಗಿ ಹಾನಿ ಮಾಡುತ್ತವೆ. ಅವಕ್ಕೆ ತಮ್ಮ ಜಲಜನಕವನ್ನು ಕೊಟ್ಟು ಶಾಂತಗೊಳಿಸುವ ವಸ್ತುಗಳೇ ಉತ್ಕರ್ಷಣ ನಿರೋಧಕಗಳು. ಪ್ರಯೋಗಾಲಯದಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಡಿಪಿಪಿಎಚ್ ಎಂಬ ನೇರಳೆ ಬಣ್ಣದ ದ್ರಾವಣಕ್ಕೆ ಹೂವಿನ ಸಾರ ಬೆರೆಸಿದರೆ ಬಣ್ಣ ಇಳಿದು ಹಳದಿಗೆ ತಿರುಗುತ್ತದೆ. ಸಾರವನ್ನು ನೀರಿನಲ್ಲಿ ತೆಗೆದರೆ ಒಂದು ಫಲಿತಾಂಶ, ಆಲ್ಕೋಹಾಲಿನಲ್ಲಿ ತೆಗೆದರೆ ಮತ್ತೊಂದು.

ಆದರೆ ಗಾಜಿನ ನಳಿಗೆಯೇ ಬೇರೆ, ದೇಹವೇ ಬೇರೆ. ಕುಡಿದ ಕಷಾಯದಲ್ಲಿ ಎಷ್ಟು ಭಾಗ ರಕ್ತಕ್ಕೆ ಸೇರುತ್ತದೆ, ಸೇರಿದ್ದು ಎಷ್ಟು ಹೊತ್ತು ಉಳಿಯುತ್ತದೆ ಎಂಬುದನ್ನು ಬಣ್ಣದ ಪರೀಕ್ಷೆ ಹೇಳುವುದಿಲ್ಲ. ಆವರಿಕೆ ಹೂವಿನ ಪುಡಿಯನ್ನು ಸಕ್ಕರೆ ಕಾಯಿಲೆಗೆ ಮದ್ದೆಂದು ನಂಬಿ ವೈದ್ಯರು ಕೊಟ್ಟ ಮಾತ್ರೆ ಬಿಡುವವರು ಇದನ್ನು ನೆನಪಿಡಬೇಕು.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಇದೇ ಕುಲದ, ಹಳದಿ ಹೂವಿನದೇ ಆದ ದೊಡ್ಡ ತಗಚೆಯ ಬೀಜ ವಿಷಕಾರಿ. ಉತ್ತರಪ್ರದೇಶದ ಪಶ್ಚಿಮ ಜಿಲ್ಲೆಗಳಲ್ಲಿ ವರ್ಷವರ್ಷವೂ ಮಕ್ಕಳನ್ನು ಬಲಿ ತೆಗೆದುಕೊಳ್ಳುತ್ತಿದ್ದ ನಿಗೂಢ ಕಾಯಿಲೆಗೆ ಆ ಬೀಜವೇ ಕಾರಣವೆಂದು 2007ರ ಸುಮಾರಿಗೆ ವೈದ್ಯರು ಗುರುತಿಸಿದರು. ಹೂವಿನ ಬಣ್ಣವೊಂದನ್ನೇ ನಂಬಿ ಗಿಡ ಕೀಳುವುದು ಅಪಾಯ. ಗಿಡ ಬಲ್ಲ ಹಿರಿಯರ ಕಣ್ಣು, ರಸಾಯನ ಬಲ್ಲವರ ಅಳತೆ ಎರಡೂ ಸೇರಿದಾಗಲೇ ತಂಗಡಿಯ ಗುಣ ಎಷ್ಟೆಂಬುದು ಖಚಿತವಾದೀತು.