ಇಂಗ್ಲಿಷ್ ಪೇಪರಿಗೆ ದಿನಕ್ಕೊಂದು ತಾಸು: ಮನೆಯಲ್ಲೇ ಓದುವವರ ಲೆಕ್ಕಾಚಾರ



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಯಾವ ಕಡೆ ಸಂಘದ ಸಭೆಗೆ ಹೋದರೂ ಒಂದು ಮಾತು ಮೇಲಿಂದ ಮೇಲೆ ಕೇಳಿಬರುತ್ತದೆ. "ಅಕ್ಕಾರ, ನಮ್ಮ ಹುಡುಗಿ ಎಲ್ಲಾದರಾಗೂ ಪಾಸಾಗ್ಯಾಳ್ರಿ, ಇಂಗ್ಲಿಷ್ ಒಂದ ಉಳದೈತಿ." ಒಂದೇ ಅಲ್ಲವೇ ಎಂದು ನಾವು ಸಮಾಧಾನ ಹೇಳುತ್ತೇವೆ. ಆದರೆ ಆ ಒಂದು ಉಳಿದರೆ ಡಿಗ್ರಿ ಕೈಗೆ ಬರುವುದಿಲ್ಲ. ಡಿಗ್ರಿ ಇಲ್ಲದೆ ಬಿ.ಇಡಿ. ಇಲ್ಲ, ಪದವಿ ಕೇಳುವ ನೌಕರಿಗೆ ಅರ್ಜಿ ಹಾಕುವಂತಿಲ್ಲ. ಹುಡುಗಿ ಮನೆಯಲ್ಲಿ ಕುಳಿತು ಒಂದು ವರ್ಷವಾಗುತ್ತಲೇ ಬೀಗರು ಬಂದು ನೋಡಿ ಹೋಗುತ್ತಾರೆ. ಆಮೇಲೆ ಆ ಪೇಪರ್ ಉಳಿದದ್ದು ಉಳಿದೇ ಹೋಗುತ್ತದೆ.

ಇನ್ನು ಕೆಲವು ಸದಸ್ಯೆಯರು ಸ್ವತಃ ಓದಲು ಹೊರಟಿದ್ದಾರೆ. ಮಕ್ಕಳು ದೊಡ್ಡವರಾದ ಮೇಲೆ ಮುಕ್ತ ವಿಶ್ವವಿದ್ಯಾಲಯಕ್ಕೆ ಹೆಸರು ಹಚ್ಚಿದವರು. ಇವರಿಗೆ ದಿನಾ ಪಾಠ ಹೇಳುವ ಮಾಸ್ತರರೂ ಇಲ್ಲ, ಬೆಲ್ ಹೊಡೆಯುವ ಕಾಲೇಜೂ ಇಲ್ಲ. ಅವರಿಗೂ, ಕಾಲೇಜಿಗೆ ಹೋಗುವ ಮಕ್ಕಳ ತಾಯಂದಿರಿಗೂ ಉಪಯೋಗವಾಗಲೆಂದು ಈ ಬರಹ. ಇಂಗ್ಲಿಷ್ ಕಲಿಸುವುದು ಇದರ ಕೆಲಸವಲ್ಲ. ಇಂಗ್ಲಿಷ್ ಓದಿಗೆ ವೇಳೆಯನ್ನು ಹೇಗೆ ಹೊಂದಿಸಬೇಕು ಎಂಬುದಷ್ಟೇ ಇಲ್ಲಿಯ ವಿಷಯ.

ಕ್ರೆಡಿಟ್ ಅಂದರೇನು?

ನಮ್ಮ ಜಿಲ್ಲೆಯ ಕಾಲೇಜುಗಳಲ್ಲಿ ಕೆಲವು ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ಸೇರಿವೆ. ಅದು 2010ರಲ್ಲಿ ಆರಂಭವಾಯಿತು. ಮಹಿಳಾ ಕಾಲೇಜುಗಳಲ್ಲಿ ಕೆಲವು 2003ರಲ್ಲಿ ವಿಜಯಪುರದಲ್ಲೇ ಆರಂಭವಾದ ಮಹಿಳಾ ವಿಶ್ವವಿದ್ಯಾಲಯಕ್ಕೆ ಸೇರಿವೆ. ಈಗ ಅದಕ್ಕೆ ಅಕ್ಕಮಹಾದೇವಿಯ ಹೆಸರಿದೆ. ಮನೆಯಲ್ಲೇ ಓದುವವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಿದೆ, ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ ಅಂದರೆ ಇಗ್ನೋ ಇದೆ. ಇಗ್ನೋದ ಪ್ರಾದೇಶಿಕ ಕೇಂದ್ರ ವಿಜಯಪುರದಲ್ಲೇ ಇರುವುದರಿಂದ ನಮ್ಮವರಿಗೆ ಅನುಕೂಲ.

ಎಲ್ಲಿ ಓದಿದರೂ ಪ್ರತಿ ಪೇಪರಿಗೆ ಇಷ್ಟು "ಕ್ರೆಡಿಟ್" ಎಂದು ಬರೆದಿರುತ್ತಾರೆ. ಸಾಲದ ಲೆಕ್ಕ ಬಲ್ಲ ನಮಗೆ ಈ ಶಬ್ದ ಕೇಳಿದರೆ ಬ್ಯಾಂಕು ನೆನಪಾಗುತ್ತದೆ, ಇಲ್ಲಿ ಅದು ತಾಸಿನ ಲೆಕ್ಕ. ಇಗ್ನೋ ಲೆಕ್ಕದಲ್ಲಿ 1 ಕ್ರೆಡಿಟ್ ಎಂದರೆ 30 ತಾಸಿನ ಅಧ್ಯಯನ. ಓದುವುದು, ಕೇಳುವುದು, ಬರೆಯುವುದು ಎಲ್ಲಾ ಸೇರಿ. ಹಾಗಾದರೆ ಇಂಗ್ಲಿಷ್ ಸಂವಹನ ಕೌಶಲದಂಥ 4 ಕ್ರೆಡಿಟ್ಟಿನ ಪೇಪರಿಗೆ 120 ತಾಸು ಬೇಕು. ಪರೀಕ್ಷೆ ಹತ್ತಿರ ಬಂದಾಗ ಗೈಡ್ ತಂದು ನಾಲ್ಕು ದಿನ ಕೂತರೆ ಯಾಕೆ ಆಗುವುದಿಲ್ಲ ಎಂಬುದು ಇದರಿಂದಲೇ ತಿಳಿಯುತ್ತದೆ.

ಇನ್ನೊಂದು ಮಾತು. ಇಗ್ನೋದಲ್ಲಿ ಮನೆಯಲ್ಲಿ ಬರೆದು ಒಪ್ಪಿಸುವ ಅಸೈನ್‌ಮೆಂಟಿಗೆ ನೂರಕ್ಕೆ 30, ಕೊನೆಯ ಪರೀಕ್ಷೆಗೆ 70. ಎರಡರಲ್ಲೂ ಬೇರೆ ಬೇರೆ ಪಾಸಾಗಬೇಕು. ಅಸೈನ್‌ಮೆಂಟ್ ಬರೆಯುವ ತಾಸುಗಳನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಬಹಳ ಜನ ಕೊನೆಯ ತಾರೀಖು ದಾಟಿಸಿ ಒಂದು ಅವಧಿ ಕಳೆದುಕೊಳ್ಳುವುದು ಇಲ್ಲೇ.

ಹಿಂದಿನಿಂದ ಮುಂದಕ್ಕೆ ಎಣಿಸುವುದು

ಇಗ್ನೋ ಪರೀಕ್ಷೆ ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್. ಈ ಎರಡೂ ತಿಂಗಳು ನಮ್ಮ ಸೀಮೆಯವರಿಗೆ ಎಂಥ ತಿಂಗಳೆಂದು ನಿಮಗೆ ಹೇಳಬೇಕಿಲ್ಲ. ಜೂನಿನಲ್ಲಿ ಕಾರಹುಣ್ಣಿಮೆ, ಮುಂಗಾರಿ ಬಿತ್ತಿಗೆ. ಡಿಸೆಂಬರಿನಲ್ಲಿ ತೊಗರಿ ಕಟಾವಿಗೆ ಬಂದಿರುತ್ತದೆ, ಅದರ ಬೆನ್ನಿಗೇ ಎಳ್ಳಮಾಸಿ. ಪುಸ್ತಕ ಬರೆದವರು ಯಾರೂ ತೊಗರಿ ರಾಶಿಯನ್ನು ಲೆಕ್ಕಕ್ಕೆ ಹಿಡಿದಿಲ್ಲ, ನಾವೇ ಹಿಡಿಯಬೇಕು.

ಒಬ್ಬಾಕೆಗೆ ಡಿಸೆಂಬರಿನಲ್ಲಿ ಪರೀಕ್ಷೆ ಇದೆ ಎಂದು ಇಟ್ಟುಕೊಳ್ಳೋಣ. ಜುಲೈ ಮೊದಲ ವಾರದಿಂದ ನವೆಂಬರ್ ಕೊನೆಯವರೆಗೆ ಸುಮಾರು 22 ವಾರ. ಅದರಲ್ಲಿ ಪಂಚಮಿ, ದಸರಾ, ದೀಪಾವಳಿ, ಮನೆಯಲ್ಲೊಂದು ಮದುವೆ, ಒಂದು ಸಲ ಜ್ವರ. ಇದಕ್ಕೆಲ್ಲಾ 4 ವಾರ ತೆಗೆದುಬಿಡಿ. ಉಳಿದದ್ದು 18 ವಾರ. 120 ತಾಸನ್ನು 18 ವಾರಕ್ಕೆ ಹಂಚಿದರೆ ವಾರಕ್ಕೆ 6 ತಾಸು 40 ನಿಮಿಷ. ಅಂದರೆ ಆರು ದಿನ ದಿನಕ್ಕೊಂದು ತಾಸು, ಏಳನೆಯ ದಿನ 40 ನಿಮಿಷ. ಅಷ್ಟೇ ನೋಡ್ರಿ.

ಅದೇ ಹುಡುಗಿ "ಇನ್ನೂ ವ್ಯಾಳೆ ಐತಿ ಬಿಡವ್ವಾ" ಎಂದು ನವೆಂಬರ್ ಬರುವತನಕ ಬಿಟ್ಟರೆ? 4 ವಾರದಲ್ಲಿ 120 ತಾಸು, ಅಂದರೆ ದಿನಾಲು 4 ತಾಸಿಗಿಂತ ಹೆಚ್ಚು. ಹೊಲದಲ್ಲಿ ಕೆಲಸ ತುಂಬಿದ ಹೊತ್ತಿನಲ್ಲಿ ಇದು ಆಗೋ ಮಾತಲ್ಲ. ವಾರದ ಉಳಿತಾಯ ಬಿಟ್ಟು ವರ್ಷದ ಕೊನೆಗೆ ಒಮ್ಮೆಲೇ ಕಟ್ಟುತ್ತೇನೆ ಎನ್ನುವ ಸದಸ್ಯೆಗೆ ಸಂಘದಲ್ಲಿ ನೀವು ಏನು ಹೇಳುತ್ತೀರೋ ಅದನ್ನೇ ಇವಳಿಗೂ ಹೇಳಿರಿ.

ಕಬ್ಬು ಕಡಿಯಲು ಅಥವಾ ಬೇರೆ ದುಡಿಮೆಗೆ ಗುಳೆ ಹೋಗುವ ಮನೆಗಳಿವೆ. ತಾಂಡಾಗಳ ಅಕ್ಕಂದಿರಿಗೆ ಇದು ಗೊತ್ತು. ಅಂಥವರು ಗುಳೆ ಹೋಗುವ ತಿಂಗಳಿಗೆ ಓದುವ ಮತ್ತು ಕೇಳುವ ಕೆಲಸ ಇಟ್ಟುಕೊಂಡು, ಬರೆಯುವ ಕೆಲಸ ಹಾಗೂ ಅಸೈನ್‌ಮೆಂಟನ್ನು ಊರಲ್ಲಿ ಇರುವಾಗಲೇ ಮುಗಿಸಿಬಿಡುವುದು ಒಳ್ಳೆಯದು.

ಆ ಒಂದು ತಾಸಿನಲ್ಲಿ ಏನು ಮಾಡಬೇಕು

ನಾನು ಪಿಯುಸಿ ಓದುವಾಗ ಗೈಡಿನ ಪ್ರಬಂಧಗಳನ್ನು ಬಾಯಿಪಾಠ ಮಾಡಿ ಪಾಸಾದೆ. ಮುಂದೆ ಬ್ಯಾಂಕಿನಲ್ಲಿ ಒಂದು ಇಂಗ್ಲಿಷ್ ಫಾರಂ ಕೊಟ್ಟಾಗ ಪೆನ್ನು ಹಿಡಿದು ಸುಮ್ಮನೆ ನಿಂತೆ. ಬಾಯಿಪಾಠದ ಇಂಗ್ಲಿಷ್ ಬಾಯಲ್ಲೇ ಉಳಿದಿತ್ತು, ಅದೂ ಎಷ್ಟು ದಿನ? ಕೌಶಲದ ಪೇಪರ್ ಎಂದರೆ ಕೇಳುವುದು, ಮಾತನಾಡುವುದು, ಓದುವುದು, ಬರೆಯುವುದು ಈ ನಾಲ್ಕೂ. ಇವು ರೊಟ್ಟಿ ಬಡಿಯುವ ಕೆಲಸ ಇದ್ದಹಾಗೆ. ನೋಡಿದರೆ ಬರುವುದಿಲ್ಲ, ದಿನಾ ಬಡಿಯಬೇಕು.

ಮೊದಲನೆಯ ದಿನ ಪುಸ್ತಕ ತೆಗೆಯುವುದೇ ಬೇಡ. "ನನ್ನ ದಿನ" ಎಂದು ಹತ್ತು ಸಾಲು ಇಂಗ್ಲಿಷಿನಲ್ಲಿ ತನಗೆ ಬಂದ ಹಾಗೆ ಬರೆಯಲಿ. ತಪ್ಪಿದ್ದರೂ ಇರಲಿ, ತಾರೀಖು ಹಾಕಿ ಎತ್ತಿಡಿ. ನಾಲ್ಕು ವಾರದ ಮೇಲೆ ಅದನ್ನೇ ಮತ್ತೆ ಬರೆಸಿ ಎರಡನ್ನೂ ಬಾಜೂಕ್ಕೆ ಇಟ್ಟು ನೋಡಿದರೆ ಎಷ್ಟು ದೂರ ಬಂದಿದ್ದೇವೆ ಎಂಬುದು ಕಣ್ಣಿಗೇ ಕಾಣುತ್ತದೆ.

ನಮ್ಮ ಮಕ್ಕಳು ಎಡವುವ ಕಡೆ ಬಹುತೇಕ ಒಂದೇ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ: "ನಾನು ಹೊಲಕ್ಕೆ ಹೋಗ್ತೀನಿ." ಇಂಗ್ಲಿಷಿನಲ್ಲಿ ಅದು ನಡುವೆ ಬರುತ್ತದೆ: "ಐ ಗೋ ಟು ದ ಫೀಲ್ಡ್." ನಾವು "ಹೊಲಕ್ಕೆ" ಎಂದು ಹಿಂದೆ ಅಂಟಿಸುವ "ಕ್ಕೆ" ಅವರಲ್ಲಿ "ಟು" ಆಗಿ ಮುಂದೆ ನಿಲ್ಲುತ್ತದೆ. "ಎ, ಆನ್, ದ" ಎಂಬ ಪುಟ್ಟ ಶಬ್ದಗಳಿಗೆ ನಮ್ಮಲ್ಲಿ ಜೋಡಿಯೇ ಇಲ್ಲ, ಅದಕ್ಕೇ ಅವು ಬಿಟ್ಟುಹೋಗುತ್ತವೆ. ಇದು ದಡ್ಡತನವಲ್ಲ, ಎರಡು ಭಾಷೆಯ ಕಟ್ಟಡವೇ ಬೇರೆ. ಒಂದು ಸಣ್ಣ ವಹಿ ಮಾಡಿ ಅದಕ್ಕೆ "ತಪ್ಪಿನ ವಹಿ" ಎಂದು ಹೆಸರಿಡಿ. ಎಡಕ್ಕೆ ತಾನು ಬರೆದದ್ದು, ಬಲಕ್ಕೆ ಸರಿಯಾದದ್ದು. ಗೈಡಿಗಿಂತ ಇದು ಹೆಚ್ಚು ಕೆಲಸಕ್ಕೆ ಬರುತ್ತದೆ. ಕಾಲೇಜಿನ ಇಂಗ್ಲಿಷ್ ಸರ್ ಅಥವಾ ಮೇಡಂ ಹದಿನೈದು ದಿನಕ್ಕೊಮ್ಮೆ ನೋಡಿ ತಿದ್ದಿಕೊಟ್ಟರೆ ಸಾಕು. ಊರ ಹೈಸ್ಕೂಲಿನ ಇಂಗ್ಲಿಷ್ ಟೀಚರನ್ನೂ ಕೇಳಬಹುದು.

ಕಲಿತದ್ದು ಮರೆಯುತ್ತದೆ ಎಂದು ಹುಡುಗಿಯರು ಅಳುತ್ತಾರೆ. ಮರೆಯುವುದು ಎಲ್ಲರಿಗೂ ಇದ್ದದ್ದೇ. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸ ತನ್ನ ಮೇಲೇ ಪ್ರಯೋಗ ಮಾಡಿ 1885ರಲ್ಲಿ ಇದನ್ನು ಬರೆದಿಟ್ಟ. ಕಲಿತ ಮೊದಲ ಕೆಲವು ತಾಸುಗಳಲ್ಲೇ ಬಹಳಷ್ಟು ಮರೆತುಹೋಗುತ್ತದೆ, ಆಮೇಲೆ ಮರೆಯುವ ವೇಗ ತಗ್ಗುತ್ತದೆ. ಅದಕ್ಕೆ ಇಂದಿನ ಹತ್ತು ಶಬ್ದಗಳನ್ನು ನಾಳೆ ಒಮ್ಮೆ, ಒಂದು ವಾರದ ಮೇಲೆ ಒಮ್ಮೆ, ತಿಂಗಳಿಗೊಮ್ಮೆ ನೋಡಬೇಕು. ತಾಸಿನ ಮೊದಲ ಹತ್ತು ನಿಮಿಷ ಇದಕ್ಕೇ ಮೀಸಲಿರಲಿ.

ಕೇಳುವ ಅಭ್ಯಾಸಕ್ಕೆ ಮೊಬೈಲ್ ಬೇಕು. "ಮೊಬೈಲ್ ಕೊಟ್ರ ಕೆಡ್ತಾಳ್ರಿ" ಎನ್ನುವ ತಾಯಂದಿರ ಹೆದರಿಕೆ ಅರ್ಥವಾಗುತ್ತದೆ. ಆದರೆ ಮೊಬೈಲ್ ಕೊಡದೆ ಇಂಗ್ಲಿಷ್ ಮಾತು ಕೇಳಿಸುವವರು ನಮ್ಮ ಹಳ್ಳಿಯಲ್ಲಿ ಯಾರಿದ್ದಾರೆ? ಬಿಬಿಸಿಯವರ "ಸಿಕ್ಸ್ ಮಿನಿಟ್ ಇಂಗ್ಲಿಷ್" ಎಂಬ ಉಚಿತ ಕಾರ್ಯಕ್ರಮವಿದೆ. ಆರು ನಿಮಿಷದ ಮಾತುಕತೆ, ಅದರ ಬರಹವೂ ಜೊತೆಗೆ ಸಿಗುತ್ತದೆ. ಮೊದಮೊದಲು ಕಠಿಣವೆನಿಸುತ್ತದೆ. ಅದರಲ್ಲಿ ಎರಡೇ ನಿಮಿಷದ್ದನ್ನು ಮೂರು ಸಲ ಕೇಳಿ, ಬರಹ ನೋಡಿ, ಗಟ್ಟಿಯಾಗಿ ಹೇಳಲಿ. ಇಗ್ನೋದ ಪಠ್ಯಪುಸ್ತಕಗಳು "ಇ-ಜ್ಞಾನಕೋಶ" ಎಂಬ ಅವರದೇ ತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಕಾಲೇಜಿಗೆ ಹೋಗುವವರಿಗೆ ಬಸ್ಸಿನ ವೇಳೆಯೂ ಇದೆ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡು ಉಳಿದಿದೆ, ಕಿವಿಗೆ ಇಯರ್‌ಫೋನ್ ಹಾಕಿಕೊಂಡರೆ ಆ ಅರ್ಧ ತಾಸೂ ಉಳಿದಂತೆ.

ಗೈಡಿನ ವಿಷಯದಲ್ಲಿ ಒಂದು ಎಚ್ಚರಿಕೆ. ಅಕ್ಕ ಓದಿದ ಗೈಡ್ ತಂಗಿಗೆ ಆಗುತ್ತದೆ ಎಂದು ತಿಳಿಯಬೇಡಿ. ಕರ್ನಾಟಕದಲ್ಲಿ 2021-22ರಲ್ಲಿ ಹೊಸ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಡಿಗ್ರಿ ಪಠ್ಯ ಬದಲಾಯಿತು, 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿಗೆ ಮರಳಿ ಪಠ್ಯವೂ ಬದಲಾಯಿತು. ಮೊದಲು ಆ ವರ್ಷದ ಸಿಲೆಬಸ್ ಕಾಲೇಜಿನಿಂದ ಪಡೆದು, ಅದನ್ನು ಗೋಡೆಗೆ ಅಂಟಿಸಿ, ಆಮೇಲೆ ಪುಸ್ತಕಕ್ಕೆ ದುಡ್ಡು ಹಾಕಿ.

ಬರೆಯುವ ಅಭ್ಯಾಸಕ್ಕೆ ನಮ್ಮ ಸಂಘವೇ ಇದೆ. ಪರೀಕ್ಷೆಯಲ್ಲಿ ಬ್ಯಾಂಕ್ ಮ್ಯಾನೇಜರಿಗೆ ಪತ್ರ, ಅಧಿಕಾರಿಗೆ ಅರ್ಜಿ ಕೇಳುತ್ತಾರೆ. ಸಂಘದ ಖಾತೆಯಲ್ಲಿ ಸಹಿ ಮಾಡುವವರು ಬದಲಾದಾಗ, ಪಾಸ್‌ಬುಕ್ ತುಂಬಿದಾಗ ಪತ್ರ ಕೊಡಲೇಬೇಕಲ್ಲ? ಕನ್ನಡದ ಪತ್ರದ ಜೊತೆಗೆ ಅದನ್ನೇ ಇಂಗ್ಲಿಷಿನಲ್ಲಿ ಬರೆಯಲು ಆ ಹುಡುಗಿಗೆ ಹೇಳಿರಿ. ಓದುವುದಕ್ಕೆ ಗುಳಿಗೆಯ ಚೀಟಿ, ಬೀಜದ ಪಾಕೀಟು, ಬ್ಯಾಂಕಿನ ಮೆಸೇಜು, ಎಲ್ಲವೂ ಇಂಗ್ಲಿಷಿನಲ್ಲೇ ಮನೆಗೆ ಬರುತ್ತವೆ.

ಹಲಸಂಗಿಯ ಒಬ್ಬರು

ಮಾಸ್ತರರಿಲ್ಲದೆ ಇಂಗ್ಲಿಷ್ ಬರುವುದೇ ಎಂದು ಕೇಳುವವರಿಗೆ ನಮ್ಮ ಸೀಮೆಯವರದೇ ಉದಾಹರಣೆ ಇದೆ. ಹಿಂದೆ ಇಂಡಿ ತಾಲ್ಲೂಕಿಗೆ ಸೇರಿದ್ದ ಹಲಸಂಗಿಯ ಮಧುರಚೆನ್ನರು (1903–1953) ಮುಲ್ಕಿ ಪರೀಕ್ಷೆ ಪಾಸು ಮಾಡಿದವರು, ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ಇಂಗ್ಲಿಷನ್ನು ಸ್ವಂತ ಪ್ರಯತ್ನದಿಂದ ಕಲಿತರು. ಆಗ ರೇಡಿಯೋ ಸಹ ಹಳ್ಳಿಗೆ ಬಂದಿರಲಿಲ್ಲ. ಅವರಿಗೆ ಇದ್ದದ್ದು ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರ ಗುಂಪು. ಹಲಸಂಗಿ ಗೆಳೆಯರೆಂದೇ ಹೆಸರಾದ ಇವರು ಹೆಣ್ಣುಮಕ್ಕಳು ಬೀಸುವಾಗ ಹೇಳುವ ಹಾಡುಗಳನ್ನು ಕೂಡಿಸಿ 1931ರಲ್ಲಿ "ಗರತಿಯ ಹಾಡು" ಎಂದು ಪ್ರಕಟಿಸಿದರು. ಹಾಡಿದವರು ನಮ್ಮ ಸೀಮೆಯ ಅಜ್ಜಿಯರೇ, ಅವರಿಗೆ ಯಾವ ಶಾಲೆಯೂ ಸಿಕ್ಕಿರಲಿಲ್ಲ.

ಒಬ್ಬಳೇ ಕೂತು ಓದಿದರೆ ಬೇಸರ ಬರುತ್ತದೆ, ಜೊತೆಗೆ ಇನ್ನಿಬ್ಬರಿದ್ದರೆ ಆ ತಾಸು ನಿಲ್ಲುತ್ತದೆ. ಒಂದೇ ಓಣಿಯ ಎರಡು-ಮೂರು ಹುಡುಗಿಯರು ವಾರಕ್ಕೊಮ್ಮೆ ಪಂಚಾಯತಿ ಗ್ರಂಥಾಲಯದಲ್ಲಿ, ಈಗ ಅದಕ್ಕೆ ಅರಿವು ಕೇಂದ್ರ ಎನ್ನುತ್ತಾರೆ, ಕೂಡಿ ಇಂಗ್ಲಿಷಿನಲ್ಲೇ ಮಾತನಾಡಲಿ. ನಗುವವರು ನಗಲಿ.

ತಾಯಿ ಮಾಡಬೇಕಾದದ್ದು

ಇಲ್ಲಿಗೆ ನಿಜವಾದ ಕಷ್ಟ ಬಂತು. ತಾಸು ಎಲ್ಲಿಂದ ತರುವುದು? ಸಂಜೆ ಏಳಕ್ಕೆ ಹುಡುಗಿ ಪುಸ್ತಕ ತೆಗೆದಳು ಎನ್ನಿ. "ಒಲಿ ಹಚ್ಚವಾ" ಎಂದು ಒಬ್ಬರು, "ನೀರ ಬಂದಾವ" ಎಂದು ಇನ್ನೊಬ್ಬರು, "ಎಮ್ಮಿಗೆ ಮೇವ ಹಾಕಿದಿ?" ಎಂದು ಅಜ್ಜಿ. ಅದೇ ಹೊತ್ತಿಗೆ ತಮ್ಮ ಕಟ್ಟೆಯ ಮೇಲೆ ಕುಳಿತಿರುತ್ತಾನೆ, ಅವನನ್ನು ಯಾರೂ ಕರೆಯುವುದಿಲ್ಲ. ಹುಡುಗಿ ಪುಸ್ತಕ ಮುಂದಿಟ್ಟುಕೊಂಡಿದ್ದು ಒಂದು ತಾಸು, ಓದಿದ್ದು ಹದಿನೈದು ನಿಮಿಷ. ಪರೀಕ್ಷೆಯಲ್ಲಿ ಫೇಲಾದರೆ "ಅಕಿಗೆ ತಲಿ ಇಲ್ಲ" ಎನ್ನುತ್ತೇವೆ. ಸೊಸೆ ಓದಲು ಕುಳಿತ ಮನೆಯಲ್ಲಂತೂ ಇನ್ನೂ ಕಷ್ಟ.

ಆದ್ದರಿಂದ ತಾಸನ್ನು ಮನೆಯವರೆಲ್ಲ ಕೂತು ಗೊತ್ತು ಮಾಡಬೇಕು. ನಸುಕಿನ ಐದರಿಂದ ಆರು ಕೆಲವರಿಗೆ ಒಗ್ಗುತ್ತದೆ, ರಾತ್ರಿ ಊಟದ ಮೇಲೆ ಕೆಲವರಿಗೆ. ಯಾವುದಾದರೂ ಇರಲಿ, ಆ ತಾಸಿನಲ್ಲಿ ಅವಳನ್ನು ಕರೀಬ್ಯಾಡ್ರಿ. ಒಲೆಯ ಕೆಲಸ ತಮ್ಮನಿಗೆ ಬರುವುದಿಲ್ಲವಾದರೆ ನೀರು ತುಂಬುವುದಾದರೂ ಬರುತ್ತದೆ.

"ನನಗ ಇಂಗ್ಲಿಷ್ ಬರೂದಿಲ್ಲ, ನಾ ಏನ್ ನೋಡ್ಲಿ?" ಎನ್ನಬೇಡಿ. ಗೋಡೆಯ ಕ್ಯಾಲೆಂಡರಿನಲ್ಲಿ ಓದಿದ ದಿನಕ್ಕೆ ಅವಳು ಒಂದು ಗೆರೆ ಎಳೆಯಲಿ. ವಾರಕ್ಕೆ ಆರು ಗೆರೆ ಇವೆಯೇ ಎಂದು ಎಣಿಸಲು ಇಂಗ್ಲಿಷ್ ಬೇಕಿಲ್ಲ. ಅರ್ಧ ಪುಟ ಗಟ್ಟಿಯಾಗಿ ಓದಿಸಿ ಕೇಳಿ. ನಿನ್ನೆ ತಡವರಿಸಿದ ಕಡೆಯೇ ಇವತ್ತೂ ತಡವರಿಸಿದರೆ ನಿಮ್ಮ ಕಿವಿಗೆ ಗೊತ್ತಾಗುತ್ತದೆ. ಅಲ್ಲಿ ಒಂದು ಗುರುತು ಹಾಕಿಸಿ.

ಸಂಘದಲ್ಲಿ ಪರೀಕ್ಷೆ ಫೀಸಿಗೆ, ಪುಸ್ತಕಕ್ಕೆ ಆಂತರಿಕ ಸಾಲ ಕೊಡುವ ಠರಾವು ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಸಭೆಯಲ್ಲಿ ಚರ್ಚಿಸಿ ಬರೆಯಿರಿ. ಮುಂದಿನ ವಾರದ ಸಭೆಗೆ ಬರುವಾಗ ಓದುತ್ತಿರುವ ಮಗಳನ್ನೋ ಸೊಸೆಯನ್ನೋ ಕರೆದುಕೊಂಡು ಬನ್ನಿ. ಅವಳ ಸಿಲೆಬಸ್, ಪರೀಕ್ಷೆಯ ತಾರೀಖು, ಮನೆಯ ಕ್ಯಾಲೆಂಡರ್ ಮೂರೂ ಜೊತೆಗಿರಲಿ. ಉಳಿತಾಯದ ವಸೂಲಿ ಮುಗಿದ ಮೇಲೆ ಹತ್ತು ನಿಮಿಷ ಕುಳಿತು, ಹಬ್ಬದ ವಾರ ಮತ್ತು ರಾಶಿಯ ವಾರ ತೆಗೆದು, ಅವಳ ತಾಸುಗಳನ್ನು ಎಲ್ಲರೂ ಕೂಡಿ ಎಣಿಸೋಣ.